ಇಲ್ಲೆ ಎಂದರೆ ಇಲ್ಲ

ಬೆಳ್ಳಪ್ಪನಿಗೆ ಹನ್ನೊಂದು ತಿಂಗಳ ಜೀವನಾಧಾರ ಭತ್ಯೆ ಇವತ್ತಿಗೂ ಬರಬೇಕಾಗಿದೆ. ನೌಕರನನ್ನು ಅಮಾನತು ಮಾಡಿ ಮನೆಗೆ ಕಳಿಸಿದರೂ ಅರ್ಧ ಸಂಬಳ ಕೊಡುತ್ತಿರಬೇಕು. ನೌಕರಿ ಅಮಾನತಾಗುತ್ತದೆ, ಹೊಟ್ಟೆ ಆಗುವುದಿಲ್ಲ ಎಂಬುದು ನಿಯಮ ಬರೆದವರಿಗೂ ಗೊತ್ತಿತ್ತು. ಆ ಅರ್ಧ ಸಿಗಬೇಕಾದರೆ ‘ನಾನು ಬೇರೆಲ್ಲೂ ದುಡಿಯುತ್ತಿಲ್ಲ’ ಎಂದು ತಿಂಗಳು ತಿಂಗಳು ಬರೆದುಕೊಡಬೇಕು. ಬೆಳ್ಳಪ್ಪ ಹನ್ನೊಂದು ಸಲ ಬರೆದುಕೊಟ್ಟ. ಹನ್ನೊಂದೂ ಕಾಗದ ಸಾಗರದ ಕಚೇರಿಯ ಯಾವುದೋ ಕಪಾಟಿನಲ್ಲಿ ಗೆದ್ದಲಿಗೆ ಭತ್ಯೆಯಾದವು.

ಕಚೇರಿ ಅಂದರೆ ಮೂರು ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ರಸ್ತೆ, ದೋಣಿಕಟ್ಟೆ, ಸಮುದಾಯ ಭವನ ಮಾಡಿಸುವ ಒಂದು ಮಂಡಳಿ. ಬೆಳ್ಳಪ್ಪ ಅಲ್ಲಿ ಮೂವತ್ತೊಂದು ವರ್ಷದಿಂದ ಜವಾನ. ಮನೆ ಹೊಸನಗರ ಪೇಟೆಯಿಂದ ನಾಲ್ಕು ಮೈಲಿ ಆಚೆ. ಎತ್ತರದ ಆಳು, ಎಲೆಯಡಿಕೆಗೆ ಕೆಂಪಾದ ಹಲ್ಲು. ಮಾತು ಕಡಿಮೆ, ಆಡಿದರೂ ಎದುರಿನವರ ಮಾತನ್ನೇ ತಿರುಗಿಸಿ ಆಡುವ ಅಭ್ಯಾಸ. ‘ಬಿಸಿಲು ಜೋರಲ್ಲ ಬೆಳ್ಳಪ್ಪ?’ ಅಂದರೆ ‘ಬಿಸಿಲು ಜೋರು’. ‘ಸಾಹೇಬ್ರು ಬಂದ್ರಾ?’ ಅಂದರೆ ‘ಸಾಹೇಬ್ರು ಬಂದ್ರು’. ಜವಾನಗಿರಿ ಕಲಿಸಿದ ಬುದ್ಧಿ ಅದು. ತಾನಾಗಿ ಒಂದು ಪದ ಸೇರಿಸದವನ ಮೇಲೆ ತಪ್ಪು ಹೊರಿಸುವುದು ಕಷ್ಟ.

ಅವನ ಪಾಲಿಗೆ ಹೆಚ್ಚಾಗಿ ಬೀಳುತ್ತಿದ್ದದ್ದು ನೋಟಿಸು ಜಾರಿಯ ಕೆಲಸ. ಬಾಡಿಗೆ ಕಟ್ಟದ ಅಂಗಡಿಯವನಿಗೆ, ಕಾಮಗಾರಿ ಅರ್ಧಕ್ಕೆ ಬಿಟ್ಟ ಗುತ್ತಿಗೆದಾರನಿಗೆ. ಹೋಗಬೇಕು, ಹೆಸರು ಹಿಡಿದು ಕರೆಯಬೇಕು, ಕೈಗೆ ಕೊಟ್ಟು ಸಹಿ ತೆಗೆದುಕೊಳ್ಳಬೇಕು. ಆಸಾಮಿ ಇಲ್ಲದಿದ್ದರೆ ‘ಇಲ್ಲ’ ಎಂದು ಷರಾ ಬರೆದು ಇನ್ನೊಂದು ದಿನ ಬರಬೇಕು. ಮನೆಯಲ್ಲಿದ್ದೂ ತೆಗೆದುಕೊಳ್ಳದಿದ್ದರೆ ಮಾತ್ರ ಇಬ್ಬರು ಪಂಚರ ಎದುರು ಬಾಗಿಲಿಗೆ ಅಂಟಿಸಿ ಮಹಜರು ಬರೆಯಬೇಕು. ಆಗ ಅದು ಕೈಗೆ ಕೊಟ್ಟಂತೆಯೇ ಲೆಕ್ಕ. ಅಂಟನ್ನು ಬೆಳ್ಳಪ್ಪ ಮನೆಯಲ್ಲೇ ಕಾಯಿಸುತ್ತಿದ್ದ: ಮೈದಾಹಿಟ್ಟು, ನೀರು, ಒಂದು ಚಿಟಿಕೆ ಮೈಲುತುತ್ತು. ಅಡಿಕೆಗೆ ಔಷಧಿ ಹೊಡೆಯುವ ಸೀಮೆಯಲ್ಲಿ ಆ ನೀಲಿ ಹರಳಿಗೆ ಬರವಿಲ್ಲ. ಅದು ಬೀಳದಿದ್ದರೆ ದನ ಬಂದು ನೋಟಿಸನ್ನು ಅಂಟಿನ ಸಮೇತ ನೆಕ್ಕಿಕೊಂಡು ಹೋಗುತ್ತದೆ. ಊರೂರಿಗೆ ಪೋಸ್ಟರ್ ಅಂಟಿಸಿದವರಿಗೆಲ್ಲ ಈ ಗುಟ್ಟು ಗೊತ್ತು.

ಅಮಾನತಾದದ್ದು ಹಿನ್ನೀರಿನ ದಂಡೆಯ ಹೊಳೆಬಾಗಿಲಿನಲ್ಲಿ. ಆಚೆ ದಡಕ್ಕೆ ಇನ್ನೂ ಲಾಂಚೇ ಗತಿಯಾಗಿದ್ದ ಕಾಲ, ಸೇತುವೆಯ ಕಂಬಗಳು ಏಳುತ್ತಿದ್ದವು. ಮಂಡಳಿಯ ಇಂಜಿನ್ ದೋಣಿಯೊಂದು ಅಲ್ಲಿತ್ತು, ಅದರ ಕೀಲಿಕೈ ಬೆಳ್ಳಪ್ಪನ ಸೊಂಟದಲ್ಲಿ. ಒಂದು ಭಾನುವಾರ ಕಚೇರಿಯಿಂದ ಫೋನು: “ಅಧ್ಯಕ್ಷರ ಕಡೆಯೋರು ಬರ್ತಾರೆ, ಕೀ ಕೊಡು.” ಕೊಟ್ಟ. ಅವರು ಕುಡಿದು, ಹಾಡಿ, ಹಿನ್ನೀರಿನಲ್ಲಿ ಮುಳುಗಿ ನಿಂತ ಹಳೇ ಮರದ ಬೊಡ್ಡೆಗೆ ದೋಣಿ ಗುದ್ದಿಸಿ, ಅದನ್ನು ಅರ್ಧ ಮುಳುಗಿಸಿ ಕಾರು ಹತ್ತಿದರು. ಸೋಮವಾರ ಮಧ್ಯಾಹ್ನದೊಳಗೆ ಬೆಳ್ಳಪ್ಪನ ಅಮಾನತು ಆದೇಶ ಬಂತು. ‘ಕರ್ತವ್ಯಲೋಪ’. ಕೆಳಗೆ ಸಹಿ: ವಿನಯಾ, ಕಾರ್ಯದರ್ಶಿ.

ಕಾರ್ಯದರ್ಶಿ ಅಂದರೆ ಮಂಡಳಿಯ ಅತಿ ದೊಡ್ಡ ಅಧಿಕಾರಿ. ಕೀ ಯಾರಿಗೆ ಕೊಟ್ಟೆ, ಯಾಕೆ ಕೊಟ್ಟೆ ಅಂತ ಒಂದೇ ಮಾತು ಕೇಳಿದ್ದರೆ ಫೋನು ಯಾರದು ಎಂದು ಅವನು ಹೇಳುತ್ತಿದ್ದ. ಯಾರೂ ಕೇಳಲಿಲ್ಲ. ಹನ್ನೊಂದು ತಿಂಗಳು ಅವನ ಹೆಂಡತಿ ಜಲಜಮ್ಮ ಹಾಳೆತಟ್ಟೆ ಮಾಡುವ ಕಾರ್ಖಾನೆಯಲ್ಲಿ ಮೆಷಿನ್ನಿನ ಬಿಸಿಗೆ ಕೈ ಸುಟ್ಟುಕೊಂಡು ಮನೆ ನಡೆಸಿದಳು. ಆಮೇಲೆ ಒಂದು ದಿನ ‘ಅಮಾನತು ತೆರವುಗೊಳಿಸಲಾಗಿದೆ’ ಎಂದು ಒಂದು ಸಾಲಿನ ಕಾಗದ. ತಪ್ಪು ಮಾಡಿದ್ದ ಎಂದೂ ಇಲ್ಲ, ಮಾಡಿರಲಿಲ್ಲ ಎಂದೂ ಇಲ್ಲ. ಬೆಳ್ಳಪ್ಪ ಅಂಗಿ ಒಗೆಸಿಕೊಂಡು ಕೆಲಸಕ್ಕೆ ಹೋದ.

ಎರಡು ವರ್ಷ ಕಳೆದು ಗಾಳಿ ತಿರುಗಿತು. ಮಂಡಗದ್ದೆಯ ಕಡೆ ಒಂದು ಕಾಮಗಾರಿಗೆ ಟೆಂಡರ್ ಕರೆಯದೆ ಹಣ ಬಿಟ್ಟರು ಎಂದು ವಿನಯಾ ಮೇಲೆ ಆರೋಪ ಬಂತು. ಅಧ್ಯಕ್ಷರೇ ಬಾಯಿಮಾತಲ್ಲಿ ಹೇಳಿದ್ದರು ಎಂದು ಅವರು, ನಾನು ಬಾಯಿ ತೆರೆದೇ ಇಲ್ಲ ಎಂದು ಅಧ್ಯಕ್ಷರು. ವಿನಯಾ ಅವರನ್ನು ಕಡ್ಡಾಯ ರಜೆ ಮೇಲೆ ಕಳಿಸಿ, ಹದಿನೈದು ದಿನದೊಳಗೆ ಉತ್ತರ ಕೊಡಿ ಎಂಬ ನೋಟಿಸನ್ನು ಸಿದ್ಧಮಾಡಿದರು. ಅದನ್ನು ಮುಟ್ಟಿಸಲು ಹೊರಟವರು ಸೂಪರಿಂಟೆಂಡೆಂಟ್ ಕಾಂತರಾಜ್, ಒಬ್ಬ ಡ್ರೈವರ್, ಮತ್ತು ದಾರಿ ತೋರಿಸಲು ಬೆಳ್ಳಪ್ಪ. ಕಾಂತರಾಜ್ ಮಂಡ್ಯದವರು, ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಕೆಟ್ಟ ಮನುಷ್ಯನಲ್ಲ. ಸಂಜೆಯೊಳಗೆ ಫೈಲು ಮುಗಿಸಬೇಕು ಎಂಬ ಕಾಯಿಲೆ, ಅಷ್ಟೆ.

ವಿನಯಾ ಅವರ ಮನೆ ಬಟ್ಟೆಮಲ್ಲಪ್ಪದಿಂದ ಒಳಕ್ಕೆ. ಮಾಘದ ಬಿಸಿಲು, ಅಂಗಳದಲ್ಲಿ ಯಾರೂ ಇಲ್ಲ. ಕಾಂತರಾಜ್ ಗೇಟಿನ ಬಳಿ ನಿಂತು ಕೂಗಿದರು: “ವಿನಯಾ ಮೇಡಂ ಇದ್ದಾರಾ?”

ಹಿತ್ತಿಲ ಕಡೆಯಿಂದ, ಹಂಡೆಗೆ ನೀರು ಸುರಿಯುವ ಸದ್ದಿನ ನಡುವೆ ಒಂದು ಹೆಣ್ಣುದನಿ ಬಂತು. ವಿನಯಾ ಅವರ ತಾಯಿ ತುಂಗಾ. ಪಕ್ಕದ ಮನೆಯ ವೆಂಕಟ್ರಮಣ ಖಾತೆ ಬದಲಾವಣೆಯ ವಿಷಯ ಕೇಳಲು ದಿನಾ ಬರುತ್ತಿದ್ದ, ಅವನೇ ಎಂದುಕೊಂಡು ಆಕೆ ಮನೆಮಾತಿನಲ್ಲೇ ಕೂಗಿಬಿಟ್ಟರು: “ಇಲ್ಲೆ! ಕೂಸು ಇಲ್ಲೆ!”

ಆ ಸೀಮೆಯ ಅಡಿಕೆ ತೋಟದವರ ಮನೆಮಾತಿನಲ್ಲಿ ಇಲ್ಲೆ ಅಂದರೆ ಇಲ್ಲ. ಮಗಳಿಗೆ ಐವತ್ತಾದರೂ ಅವಳು ಕೂಸೇ. ವಿನಯಾ ಅವತ್ತು ಬೆಳಿಗ್ಗೆಯೇ ಮೇಳಿಗೆಯ ನೆಂಟರ ಮನೆಯ ತಿಥಿಗೆ ಹೋಗಿದ್ದರು. ಬೆಳ್ಳಪ್ಪನ ಅಪ್ಪ ಇಂಥದೇ ಒಂದು ಮನೆಯ ಗದ್ದೆ ಗೇಣಿಗೆ ಉಳುತ್ತಿದ್ದವನು. ಬೆಳ್ಳಪ್ಪ ಆಡಿ ಬೆಳೆದದ್ದು ಆ ಮನೆಯ ಹಿತ್ತಿಲಿನಲ್ಲೇ. ಅವನಿಗೆ ಅರ್ಥವಾಗದೆ ಇರಲು ಸಾಧ್ಯವೇ ಇಲ್ಲ.

“ಏನಂದ್ರಯ್ಯಾ?” ಕಾಂತರಾಜ್ ಕೇಳಿದರು.

“ಇಲ್ಲೆ ಅಂದ್ರು ಸಾರ್.”

“ಇಲ್ಲೇ ಅವ್ರಂತೆ! ಮತ್ತೆ ಈಚೆಗೆ ಬರಕ್ಕೇನು ದಾಡಿ?” ಇನ್ನೆರಡು ಸಲ ಕೂಗಿದರು. ಹಂಡೆಯ ಸದ್ದು ಬಿಟ್ಟು ಬೇರೆ ಉತ್ತರ ಬರಲಿಲ್ಲ. ಹತ್ತು ನಿಮಿಷ ಗಡಿಯಾರ ನೋಡಿದರು. “ದೊಡ್ಡೋರು ಕಣಯ್ಯ, ನಮ್ಮಂಥೋರ ಕೈಯಿಂದ ಈಸ್ಕೊಳಲ್ಲ. ಅಂಟ್ಸು ಅತ್ಲಾಗೆ.”

ಬೆಳ್ಳಪ್ಪ ಅಂಟಿಸಿದ. ಬಾಗಿಲಿಗಲ್ಲ, ಗೇಟಿನ ಕಂಬಕ್ಕೆ. ಮಹಜರಿನಲ್ಲಿ ‘ಮನೆಯಲ್ಲಿಯೇ ಇದ್ದು ನೋಟಿಸು ಸ್ವೀಕರಿಸಲು ನಿರಾಕರಿಸಿದ್ದಾರೆ’ ಎಂದು ಕಾಂತರಾಜ್ ಬರೆದರು. ಜೀಪಿನಿಂದ ಇಳಿಯದೆಯೇ ಡ್ರೈವರ್ ಒಂದು ಸಹಿ ಹಾಕಿದ, ಬಾನೆಟ್ ಮೇಲಿಟ್ಟುಕೊಂಡು ಬೆಳ್ಳಪ್ಪ ಇನ್ನೊಂದು. ಅವತ್ತಿನ ಅಂಟಿಗೆ ಮೈಲುತುತ್ತು ಬಿದ್ದಿರಲಿಲ್ಲ. ಬೆಳಿಗ್ಗೆ ಡಬ್ಬಿ ತೆಗೆದು ನೋಡಿ, ಮುಚ್ಚಿ, ಮೇಲಿಟ್ಟಿದ್ದ. ಜೀಪು ತಿರುವು ದಾಟುವ ಮೊದಲೇ ಒಂದು ಹಸು ಕಂಬದ ಕಡೆ ಬರುತ್ತಿದ್ದದ್ದನ್ನು ಕನ್ನಡಿಯಲ್ಲಿ ಕಂಡ.

ಹದಿನೈದು ದಿನ ಕಳೆಯಿತು. ಉತ್ತರ ಬರಲಿಲ್ಲ, ಹಸು ಉತ್ತರ ಬರೆಯುವುದಿಲ್ಲ. ‘ಅವಕಾಶ ಕೊಟ್ಟರೂ ಹಾಜರಾಗಿಲ್ಲ’ ಎಂದು ಏಕಪಕ್ಷೀಯವಾಗಿ ತೀರ್ಮಾನಿಸಿ, ಇಪ್ಪತ್ತಾರು ವರ್ಷ ಸೇವೆ ಮಾಡಿದ ಅಧಿಕಾರಿಯನ್ನು ವಜಾ ಮಾಡಿದರು. ಪಿಂಚಣಿಯೂ ಇಲ್ಲ. ಕಚೇರಿಯ ಕ್ಯಾಂಟೀನಿನಲ್ಲಿ ಯಾರೋ ಮೈಸೂರುಪಾಕು ಹಂಚಿದರು. ಬೆಳ್ಳಪ್ಪನೂ ಒಂದು ತಿಂದ. ಚೆನ್ನಾಗಿಯೇ ಇತ್ತು.

ವಿನಯಾ ಮೇಲ್ಮನವಿ ಹಾಕಿದರು. ನನಗೆ ನೋಟಿಸೇ ಮುಟ್ಟಿಲ್ಲ, ನಾನು ಆ ದಿನ ಮನೆಯಲ್ಲೇ ಇರಲಿಲ್ಲ ಎಂಬುದು ಅವರ ವಾದ. ಮೇಳಿಗೆಯ ನೆಂಟರು ಬರೆದುಕೊಟ್ಟ ಪತ್ರವನ್ನು ‘ನೆಂಟರು ಬರೆಯದೆ ಇನ್ಯಾರು ಬರೀತಾರೆ’ ಎಂದು ಮಂಡಳಿಯವರು ಪಕ್ಕಕ್ಕಿಟ್ಟರು. ಕೊನೆಗೆ, ನೋಟಿಸು ಮುಟ್ಟಿತೋ ಇಲ್ಲವೋ ಎಂಬ ಒಂದೇ ಪ್ರಶ್ನೆ ವಿಚಾರಿಸಲು ಒಬ್ಬ ನಿವೃತ್ತ ನ್ಯಾಯಾಧೀಶರನ್ನು ನೇಮಿಸಿದರು. ಅವರಿಗೆ ಮೊಣಕಾಲು ನೋವು, ತೀರ್ಥಹಳ್ಳಿ ಬಿಟ್ಟು ಹೊರಡುವವರಲ್ಲ. ದೀಪಾವಳಿ ಕಳೆದ ವಾರ ತೀರ್ಥಹಳ್ಳಿಯ ಪ್ರವಾಸಿ ಮಂದಿರಕ್ಕೆ ಬಂದು ಸಾಕ್ಷಿ ಹೇಳಬೇಕೆಂದು ಬೆಳ್ಳಪ್ಪನಿಗೆ ಕರೆ ಬಂತು. ಅವನ ನಿವೃತ್ತಿಗೆ ಉಳಿದಿದ್ದದ್ದು ಏಳೇ ತಿಂಗಳು.

“ಹೋಗಿ, ಬರ್ದಿದ್ದನ್ನೇ ಹೇಳಿ, ಬನ್ನಿ ಮಾರಾಯ್ರೆ,” ಅಂದಳು ಜಲಜಮ್ಮ. ಒಲೆ ಮುಂದೆ ಕೂತು ಬೆಂಕಿ ಊದುತ್ತಿದ್ದಳು. “ಹನ್ನೊಂದು ತಿಂಗಳು ನಿಮ್ಮ ಬಾಯಿಗೆ ಯಾರೂ ಕೆಲಸ ಕೊಡ್ಲಿಲ್ಲ. ಈಗ ಒಂದಿನ ಕೊಟ್ರು ಅಂತ ಎಗರಾಡ್ಬೇಡಿ.”

“ಎಗರಾಡಲ್ಲ.”

“ಎಗರಾಡಲ್ಲ ಅಂತ ನಾನಂದಿದ್ದನ್ನೇ ಅನ್ಬೇಡಿ. ಎಂತ ಹೇಳ್ತೀರಿ?”

ಬೆಳ್ಳಪ್ಪ ಎದ್ದು ಹೊರಗೆ ಹೋದ.

ನೌಕರರ ಸಂಘದ ಕಾರ್ಯದರ್ಶಿ ನಾಗೇಂದ್ರನಿಗೆ ಮಾತ್ರ ಅವನು ‘ಇಲ್ಲೆ’ಯ ವಿಷಯ ಬಿಡಿಸಿ ಹೇಳಿದ. ನಾಗೇಂದ್ರ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಗಂಭೀರನಾದ.

“ಬೆಳ್ಳಪ್ಪಣ್ಣ, ನೀನು ಸುಳ್ಳು ಹೇಳಿಲ್ಲ. ಆಯಮ್ಮ ಅಂದಿದ್ದನ್ನ ಅಂದೆ. ನಾಳೆನೂ ಅಷ್ಟೇ ಅನ್ನು. ಮಹಜರಿಗೆ ಸಹಿ ಹಾಕಿ ಈಗ ಅದು ಸುಳ್ಳು ಅಂದ್ರೆ ಸುಳ್ಳು ಮಹಜರಿಗೆ ಸಹಿ ಹಾಕ್ದೋನು ನೀನಾಗ್ತೀಯ. ಪಿಂಚಣಿ ತಡೆ ಹಿಡೀತಾರೆ. ಕೋಣ ಎರಡು ಗುದ್ದಾಡಿದ್ರೆ ಗಿಡಕ್ಕೆ ಮಿತ್ತು. ನೀನು ಗಿಡ.”

“ಗಿಡ.”

“ಮತ್ತೆ ಆ ಮೇಡಂ ನಿಂಗೆ ಮಾಡಿದ್ದೇನು ಸಣ್ಣದಾ?”

ಸಣ್ಣದಲ್ಲ. ಅದನ್ನು ಬೆಳ್ಳಪ್ಪ ಮರೆತಿರಲೂ ಇಲ್ಲ. ಆದರೆ ಆ ರಾತ್ರಿಯೆಲ್ಲ ಅವನ ತಲೆಯಲ್ಲಿ ತಿರುಗಿದ್ದು ಬೇರೆ. ಅವನಪ್ಪ ಎಪ್ಪತ್ತರ ದಶಕದಲ್ಲಿ ತಾನು ಉಳುವ ಗೇಣಿ ಭೂಮಿಗಾಗಿ ಡಿಕ್ಲರೇಷನ್ ಅರ್ಜಿ ಹಾಕಿದಾಗ, ಭೂ ನ್ಯಾಯಮಂಡಳಿಯವರು ಒಡೆಯರಿಗೆ ಮೂರು ಸಲ ನೋಟಿಸು ಕಳಿಸಿದ್ದರು. ಒಡೆಯರು ಮೂರು ಸಲವೂ ತಪ್ಪಿಸಿಕೊಂಡರು. ‘ಕಳ್ಳನಿಗೆ ಎಷ್ಟು ಸಲ ಕರೆಯೋಲೆ’ ಎಂದು ಅಪ್ಪ ಬೈದದ್ದು ಬೆಳ್ಳಪ್ಪನಿಗೆ ನೆನಪಿದೆ. ಪಕ್ಕದ ಕೇರಿಯವನೊಬ್ಬ ಪ್ರಭಾವ ಬಳಸಿ, ಒಡೆಯನಿಗೆ ನೋಟಿಸೇ ಇಲ್ಲದೆ ಒಂದೇ ದಿನದಲ್ಲಿ ಆದೇಶ ಮಾಡಿಸಿಕೊಂಡು ಊರಿಗೆಲ್ಲ ಪಾಯಸ ಹಾಕಿಸಿದ. ಆರು ವರ್ಷದ ಮೇಲೆ ಹೈಕೋರ್ಟು ‘ಎದುರು ಪಕ್ಷದವರನ್ನು ಕೇಳಿಲ್ಲ’ ಎಂಬ ಒಂದೇ ಕಾರಣಕ್ಕೆ ಆ ಆದೇಶವನ್ನು ಹೊಡೆದುಹಾಕಿತು. ಅಪ್ಪನ ಎರಡೆಕರೆಯನ್ನು ಮಾತ್ರ ಯಾವ ಕೋರ್ಟಿಗೂ ಅಲ್ಲಾಡಿಸಲು ಆಗಲಿಲ್ಲ. ಇವತ್ತು ಬೆಳ್ಳಪ್ಪ ಉಣ್ಣುವ ಅನ್ನ ಆ ಮೂರು ನೋಟಿಸಿನದು.

ಪ್ರವಾಸಿ ಮಂದಿರದ ಜಗುಲಿಯಲ್ಲಿ ಇದ್ದದ್ದು ಒಂದೇ ಬೆಂಚು. ಒಂದು ತುದಿಯಲ್ಲಿ ವಿನಯಾ, ಇನ್ನೊಂದು ತುದಿಯಲ್ಲಿ ಬೆಳ್ಳಪ್ಪ. ಹಿಂದೆಲ್ಲ ಅವರ ಎದುರು ಕೂತವನಲ್ಲ. ಮೇಡಂ ಕೂದಲು ಬೆಳ್ಳಗಾಗಿತ್ತು, ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು.

“ತಿಂಡಿ ಆಯ್ತಾ ಬೆಳ್ಳಪ್ಪ?”

“ತಿಂಡಿ ಆಯ್ತು.” ಆಮೇಲೆ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ತಾನಾಗಿ ಕೇಳಿದ: “ಮೇಡಂ, ಆ ದೋಣಿ ವಿಷ್ಯ. ಅವತ್ತು ನನ್ನನ್ನ ಯಾಕೆ ಒಂದು ಮಾತು ಕೇಳ್ಲಿಲ್ಲ?”

“ಕೇಳ್ಬೇಕು ಅಂತ ತಲೆಗೆ ಬರ್ಲಿಲ್ಲ. ಟಿಪ್ಪಣಿ ಬರೆದು ತಂದಿಟ್ರು, ಸಹಿ ಮಾಡಿದೆ. ಅವತ್ತು ನಲವತ್ತು ಫೈಲ್ ಇತ್ತು.”

“ನಲವತ್ತಿತ್ತಾ?”

“ನಲವತ್ತಿತ್ತು. ಅದು ಕಾರಣ ಅಲ್ಲ ಅಂತ ಈಗ ಗೊತ್ತು.”

ಕ್ಷಮಿಸಿ ಎಂದು ಅವರು ಅನ್ನಲಿಲ್ಲ. ಸಾಕ್ಷಿ ನನ್ನ ಪರವಾಗಿ ಹೇಳಿ ಎಂದೂ ಅನ್ನಲಿಲ್ಲ. ಅಂದಿದ್ದರೆ ಬೆಳ್ಳಪ್ಪ ಎದ್ದು ಮೂತ್ರಕ್ಕೆ ಹೋಗುತ್ತಿದ್ದ.

ಒಳಗೆ ನ್ಯಾಯಾಧೀಶರು ಒಂದು ಕುರ್ಚಿಯಲ್ಲಿ ಕೂತು ಇನ್ನೊಂದರ ಮೇಲೆ ಕಾಲು ಚಾಚಿದ್ದರು. ಪಕ್ಕದಲ್ಲಿ ಟೈಪ್ ಮಾಡುವ ಹುಡುಗಿ ಭವ್ಯಾ. ಮಂಡಳಿಯ ಪರ ವಾದಿಸುವ ಮಂಡನಾಧಿಕಾರಿ ಕೇಳಿದರು: “ನೀವು ಕೂಗಿದಾಗ ಒಳಗಿಂದ ಏನು ಉತ್ತರ ಬಂತು?”

“ಇಲ್ಲೆ ಅಂತ ಬಂತು.”

ಭವ್ಯಾ ಟಕಟಕ ಟೈಪ್ ಮಾಡಿದಳು. ವಿನಯಾ ಅವರಿಗೆ ಪಾಟೀಸವಾಲಿಗೆ ಅವಕಾಶ ಸಿಕ್ಕಿತು. ಎದ್ದು ನಿಂತು ಕೇಳಿದರು: “ನೀವು ನನ್ನನ್ನು ಕಣ್ಣಾರೆ ನೋಡಿದಿರಾ?”

“ಇಲ್ಲ ಮೇಡಂ.”

“ನನ್ನ ದನಿ ಕೇಳಿದಿರಾ?”

“ಇಲ್ಲ.”

ಕೂತರು. ಒಳಗಿಂದ ಬಂದ ಆ ಒಂದು ಪದವನ್ನು ಕೆದಕಬೇಕೆಂದು ಅವರಿಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಆಡಿದ ಮಾತು ಕಿವಿಗೆ ಬೀಳುವುದೇ ಇಲ್ಲ. ಬೆಳ್ಳಪ್ಪ ಪಾರಾಗಿದ್ದ. ಇನ್ನು ಸಹಿ ಹಾಕಿ ಮಧ್ಯಾಹ್ನದ ಹೊಸನಗರ ಬಸ್ಸು ಹಿಡಿಯುವುದಷ್ಟೇ ಬಾಕಿ.

ನ್ಯಾಯಾಧೀಶರು ಕಾಗದವನ್ನು ಕನ್ನಡಕದ ಹತ್ತಿರ ಹಿಡಿದು ಮೊದಲಿನಿಂದ ಓದಿದರು. ನಿಧಾನವಾಗಿ, ಪೂರ್ತಿ. “‘ಒಳಗಿನಿಂದ, ಇಲ್ಲೇ ಎಂದು ಉತ್ತರ ಬಂದಿತು...’ ಇದು ನಿಮ್ಮ ಮಾತು, ಬೆಳ್ಳಪ್ಪನವರೆ. ನೀವು ಹೇಳಿದ ಹಾಗೇ ಇದೆಯಾ? ಏನಾದರೂ ತಿದ್ದಬೇಕಾ? ಅವಸರ ಇಲ್ಲ, ಯೋಚನೆ ಮಾಡಿ ಹೇಳಿ.”

ಕುರ್ಚಿಯಲ್ಲಿ ಕೂತವರೊಬ್ಬರು ಅವನ ಮಾತನ್ನು ಅವನಿಗೇ ಓದಿ, ಸರಿಯಿದೆಯಾ ಎಂದು ಕೇಳಿದ್ದು ಅದೇ ಮೊದಲು. ಬೆಳ್ಳಪ್ಪ ಬಾಯಲ್ಲಿದ್ದ ಎಲೆಯಡಿಕೆ ನುಂಗಿಕೊಂಡ.

“ತಿದ್ದಬೇಕು ಸಾರ್. ಇಲ್ಲೇ ಅಂತ ಬರ್ದಿದೆ. ಇಲ್ಲೆ ಅಂತ ಆಗ್ಬೇಕು.”

ಭವ್ಯಾ ನಕ್ಕಳು. “ಒಂದು ದೀರ್ಘ ತಾನೇ ಸಾರ್? ಅರ್ಥ ಅದೇ.”

“ಅರ್ಥ ಅದಲ್ಲ ತಂಗಿ. ಅವರ ಮನೆಮಾತಲ್ಲಿ ಇಲ್ಲೆ ಅಂದ್ರೆ ಇಲ್ಲ. ಕೂಸು ಇಲ್ಲೆ ಅಂದ್ರು ಅಮ್ಮ. ಮಗಳು ಮನೇಲಿಲ್ಲ ಅಂತ.”

ವಿನಯಾ ತಲೆ ಎತ್ತಿದರು. ಮಂಡನಾಧಿಕಾರಿ ಮಹಜರು ಹಿಡಿದು ಎದ್ದರು: “ಇದಕ್ಕೆ ಸಹಿ ಹಾಕಿದವರು ಇವರೇ!” ನ್ಯಾಯಾಧೀಶರು ಕೈ ಸನ್ನೆಯಲ್ಲೇ ಅವರನ್ನು ಕೂರಿಸಿದರು.

“ಆ ಅರ್ಥ ನಿಮಗೆ ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತು.”

“ಕಾಂತರಾಜ್ ಅವರಿಗೆ ಯಾಕೆ ಹೇಳಲಿಲ್ಲ?”

“ಏನಂದ್ರು ಅಂತ ಕೇಳಿದ್ರು ಸಾರ್. ಅಂದಿದ್ದು ಹೇಳಿದೆ.”

“ಇದು ಉತ್ತರ ಅಲ್ಲ.”

“ಅಲ್ಲ,” ಅಂದ ಬೆಳ್ಳಪ್ಪ. “ಮೇಡಂ ನನ್ನನ್ನ ಕೇಳದೆ ಮನೆಗೆ ಕಳಿಸಿದ್ರು ಸಾರ್. ಕೇಳದೆ ಕಳಿಸಿದ್ರೆ ಹೆಂಗಿರತ್ತೆ ಅಂತ ಅವರಿಗೂ ಗೊತ್ತಾಗ್ಲಿ ಅಂತ ಸುಮ್ನಾದೆ.”

“ಇದನ್ನೂ ಬರೆಸಲಾ?”

“ಬರೆಸಿ ಸಾರ್.”

ಅಂಟಿಗೆ ಮೈಲುತುತ್ತು ಹಾಕದ ವಿಷಯವನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನನ್ನು ಹರಿಶ್ಚಂದ್ರ ಮಾಡುವ ಅಗತ್ಯ ಇಲ್ಲ.

ಹೊರಗೆ ಸರದಿ ಕಾಯುತ್ತಿದ್ದ ಕಾಂತರಾಜ್ ವಿಷಯ ತಿಳಿದು ಹಣೆ ಚಚ್ಚಿಕೊಂಡರು. “ಅಲ್ಲಯ್ಯ, ಒಂದು ಮಾತು ಅನ್ನೋದಲ್ವಾ? ನನ್ನ ಕೊರಳಿಗೇ ತಂದಲ್ಲಯ್ಯ!”

“ನೀವು ತಿಳ್ಕಂಡಿದ್ದು ನಿಮ್ಮೂರಿಗೆ ಸರಿ ಸಾರ್.”

“ನಮ್ಮೂರಲ್ಲೇ ಇರಬೇಕಿತ್ತು ಕಣಯ್ಯ ನಾನು.”

ವಜಾ ಆದೇಶ ರದ್ದಾಯಿತು. ವಿನಯಾ ತಪ್ಪಿತಸ್ಥರಲ್ಲ ಎಂದು ಯಾರೂ ಹೇಳಿಲ್ಲ. ಹೊಸದಾಗಿ ನೋಟಿಸು ಕೊಟ್ಟು, ಅವರ ಮಾತು ಕೇಳಿ, ಆಮೇಲೆ ಏನು ಬೇಕೋ ಮಾಡಿ ಎಂದಷ್ಟೇ ಆದೇಶ. ಮಂಡಗದ್ದೆಯ ಹಣಕ್ಕೆ ಅವರು ಉತ್ತರ ಕೊಡಲೇಬೇಕು, ಕೊಡಲಿ. ಬಾಯಿಮಾತಿನ ಅಧ್ಯಕ್ಷರೂ ಬಂದು ಬಾಯಿ ಬಿಡಬೇಕಾಗಿದೆ. ಕ್ಯಾಂಟೀನಿನಲ್ಲಿ ಈ ಸಲ ಯಾರೂ ಸಿಹಿ ಹಂಚಲಿಲ್ಲ.

ಬೆಳ್ಳಪ್ಪನಿಗೂ ನೋಟಿಸು ಬಂತು: ಸುಳ್ಳು ಮಹಜರಿಗೆ ಸಹಿ ಹಾಕಿದ ದುರ್ನಡತೆ. ನಿವೃತ್ತಿಯ ಹೊತ್ತಿಗೆ ಇದು ಮುಗಿಯದಿದ್ದರೆ ಪೂರ್ತಿ ಪಿಂಚಣಿ ಕೈಗೆ ಬರುವುದಿಲ್ಲ. ಕೈಯಲ್ಲೇ ಇಸಿದುಕೊಂಡ, ದಿನಾಂಕ ಹಾಕಿ ಸಹಿ ಮಾಡಿದ. ಜಲಜಮ್ಮ ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ಮೀನುಸಾರು ಬಡಿಸುತ್ತಾ ಅಂದಳು: “ಹದಿನೈದು ದಿನ ಟೈಮ್ ಕೊಟ್ಟಿದಾರಲ್ಲ ಈ ಸಲ. ಕೂತ್ಕಂಡು ಸರಿಯಾಗಿ ಬರೀರಿ. ಅವರಿವರ ಮಾತು ಬೇಡ, ನಿಮ್ದೇ ಬರೀರಿ.”

ಬರೆದ. ನಾಲ್ಕು ಪುಟ. ಮಾಡಿದ್ದನ್ನು ಮಾಡಿದೆ ಎಂದೇ ಬರೆದ. ಯಾಕೆ ಮಾಡಿದೆ ಎಂದೂ ಬರೆದ, ದೋಣಿಯ ಭಾನುವಾರ ಫೋನು ಯಾರದಾಗಿತ್ತು ಎಂದೂ.

ಈಗ ವಿಚಾರಣೆ. ಆರೋಪ ಹೊತ್ತ ನೌಕರ ತನ್ನ ಪಕ್ಕದಲ್ಲಿ ಯಾವುದೇ ಕಚೇರಿಯ ಇನ್ನೊಬ್ಬ ಸರ್ಕಾರಿ ನೌಕರನನ್ನು ಕೂರಿಸಿಕೊಳ್ಳಬಹುದು, ನಿಯಮವಿದೆ. ಕಾಗದ ಓದಲು, ಪ್ರಶ್ನೆ ಕೇಳಲು, ಎದುರಿನವರು ದಬಾಯಿಸಿದಾಗ ‘ತಡೀರಿ’ ಅನ್ನಲು ಒಬ್ಬರು. ಬೆಳ್ಳಪ್ಪ ಕಚೇರಿಯ ಇಪ್ಪತ್ತಮೂರು ಜನರನ್ನು ಕೇಳಿದ. ಒಬ್ಬರ ಮಗಳ ಮದುವೆ, ಒಬ್ಬರಿಗೆ ಬಡ್ತಿ ಬರುವುದರಲ್ಲಿದೆ, ಒಬ್ಬರಿಗೆ ಬಿಪಿ. ನಾಗೇಂದ್ರನಿಗೆ ಅಂದೇ ಶಿವಮೊಗ್ಗದಲ್ಲಿ ಸಂಘದ ಸಭೆ. ವಿನಯಾ ಬರಲು ತಯಾರಿದ್ದರು, ಆದರೆ ಅವರೇ ಆರೋಪ ಹೊತ್ತವರು, ಬರುವ ಹಾಗಿಲ್ಲ.

ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಸಾಗರದ ಕಚೇರಿಯ ಮಹಡಿಯ ಮೇಲೆ. ಎರಡು ಕುರ್ಚಿ ಹಾಕಿರುತ್ತಾರೆ. ಒಂದರಲ್ಲಿ ಬೆಳ್ಳಪ್ಪ ಕೂರುತ್ತಾನೆ. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಸರ್ಕಾರದ ಸಂಬಳ ತಿನ್ನುವವರು ಸಾವಿರಾರು ಜನ ಇದ್ದೀರಿ, ಇದನ್ನು ಓದುತ್ತಿರುವ ನೀವೂ ಅವರಲ್ಲಿ ಒಬ್ಬರು ಇರಬಹುದು. ಅವನು ಮಾಡಿದ್ದು ಸರಿ ಎಂದು ನೀವು ಹೇಳಬೇಕಾಗಿಲ್ಲ. ಒಂದು ದಿನದ ರಜೆ ಹಾಕಿ ಬಂದು ಆ ಇನ್ನೊಂದು ಕುರ್ಚಿಯಲ್ಲಿ ಕೂರಿ. ಬರ್ತೀರೋ ಇಲ್ಲವೋ? ಶನಿವಾರದೊಳಗೆ ಬೆಳ್ಳಪ್ಪನಿಗೆ ಹೆಸರು ಕೊಡಿ.